ಬ್ಯಾಟರಿ ಹೊಸದು, ಆಲ್ಟರ್ನೇಟರ್ ಹೊಸದು, ಆದರೂ ಚಾರ್ಜ್ ಆಗುತ್ತಿಲ್ಲ: ದೋಷ ಹುಡುಕುವ ಬಗೆ

ಬ್ಯಾಟರಿ ಲೈಟ್ ಹತ್ತಿತು ಅಂತ ಬ್ಯಾಟರಿ ಬದಲಾಯಿಸಿದ್ದಾಯಿತು. ಲೈಟ್ ಆರಲಿಲ್ಲ ಅಂತ ಆಲ್ಟರ್ನೇಟರನ್ನೂ, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರವನ್ನೂ, ಬದಲಾಯಿಸಿದ್ದಾಯಿತು. ಆದರೂ ಲೈಟ್ ಹಾಗೇ ಇದೆ. ಇಲ್ಲವೇ ಲೈಟ್ ಆರಿದೆ, ಆದರೆ ಬೆಳಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಟಕ್ ಟಕ್ ಅನ್ನುತ್ತದೆ ಅಷ್ಟೇ, ಎಂಜಿನ್ ತಿರುಗುವುದಿಲ್ಲ. ಈ ಹಂತಕ್ಕೆ ಬಂದವರು ಸಾಮಾನ್ಯವಾಗಿ "ಹೊಸ ಆಲ್ಟರ್ನೇಟರೇ ಸರಿ ಇಲ್ಲ" ಅಂತ ತೀರ್ಮಾನಿಸಿ ಇನ್ನೊಂದನ್ನು ತರಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಹೊಸ ಪಾರ್ಟ್ ಕೆಟ್ಟಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದು ಕೊನೆಯ ಅನುಮಾನ ಆಗಬೇಕು, ಮೊದಲನೆಯದಲ್ಲ.

ಬ್ಯಾಟರಿಗೂ ಆಲ್ಟರ್ನೇಟರಿಗೂ ನಡುವೆ ಯಾರೂ ಬದಲಾಯಿಸದ ಸಾಮಾನು ಎಷ್ಟೊಂದಿದೆ ನೋಡಿ: ದಪ್ಪ ಕೇಬಲ್, ಅದರ ಎರಡು ತುದಿಯ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ), ದೊಡ್ಡ ಫ್ಯೂಸ್, ಎಂಜಿನ್ನಿನಿಂದ ಗಾಡಿಯ ಬಾಡಿಗೆ ಹೋಗುವ ಅರ್ತ್ ಪಟ್ಟಿ, ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಆಲ್ಟರ್ನೇಟರಿಗೆ "ಚಾರ್ಜ್ ಮಾಡು" ಅಂತ ಹೇಳುವ ಸಣ್ಣ ವೈರ್. ಎರಡು ಪಾರ್ಟ್ ಬದಲಾಯಿಸಿದ ಮೇಲೂ ದೋಷ ಉಳಿದಿದೆ ಅಂದರೆ ಅದು ಹೆಚ್ಚಾಗಿ ಈ ನಡುವಿನ ಜಾಗದಲ್ಲಿರುತ್ತದೆ. ಅದೂ ಇಲ್ಲದಿದ್ದರೆ, ಬದಲಾಯಿಸುವಾಗ ಕೈ ಆಡಿದ ಜಾಗದಲ್ಲಿ.

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ

ಪಾರ್ಟ್ ಹಾಕುವ ಮುಂಚೆ ಇದ್ದ ಲಕ್ಷಣವೂ ಈಗಿನ ಲಕ್ಷಣವೂ ಒಂದೇನಾ, ಬೇರೆನಾ?

ಒಂದಿಷ್ಟೂ ಬದಲಾಗಿಲ್ಲ ಅಂದರೆ ಹಳೆಯ ಆಲ್ಟರ್ನೇಟರ್ ಬಹುಶಃ ಚೆನ್ನಾಗಿಯೇ ಇತ್ತು. ಅದನ್ನು ಎಸೆಯಬೇಡಿ, ಮೂಲೆಯಲ್ಲಿಡಿ. ದೋಷ ಹೆಚ್ಚಾಗಿ ವೈರಿಂಗ್‌ನಲ್ಲಿ ಅಥವಾ ಬೆಲ್ಟಿನಲ್ಲಿರುತ್ತದೆ. ಲಕ್ಷಣ ಬದಲಾಗಿದೆ ಅಂದರೆ, ಉದಾಹರಣೆಗೆ ಮುಂಚೆ ಚಾರ್ಜೇ ಇರಲಿಲ್ಲ ಈಗ 15.5 ವೋಲ್ಟ್ ಬರುತ್ತಿದೆ, ಅಥವಾ ಮುಂಚೆ ಇಲ್ಲದ ಕೀಚಲು ಸದ್ದು ಈಗ ಬೆಲ್ಟ್ ಕಡೆಯಿಂದ ಬರುತ್ತಿದೆ ಅಂದರೆ, ಆಗ ಮಾಡಿದ ಕೆಲಸವನ್ನೇ ಮೊದಲು ನೋಡಬೇಕು: ಪ್ಲಗ್ ಪೂರ್ತಿ ಕೂತಿದೆಯಾ, ನಟ್ ಟೈಟ್ ಇದೆಯಾ, ಪಾರ್ಟ್ ನಂಬರ್ ಸರಿಯಾ. ಕೆಲವು ದಿನ ಚೆನ್ನಾಗಿದ್ದು ಮತ್ತೆ ಅದೇ ಕಥೆ ಶುರುವಾದರೆ, ಹೊಸ ಪಾರ್ಟನ್ನು ಯಾವುದೋ ಒಂದು ಕೆಡಿಸುತ್ತಿದೆ. ಮೇಲಿನಿಂದ ತೊಟ್ಟಿಕ್ಕುವ ಎಂಜಿನ್ ಆಯಿಲ್ ಅಥವಾ ಕೂಲಂಟ್, ಸಡಿಲಾದ ಬೆಲ್ಟ್, ಒಳಗೇ ಒಂದು ಸೆಲ್ ಸತ್ತ ಬ್ಯಾಟರಿ, ಇವು ಮೂರನ್ನೂ ನೋಡಿ.

ಕೈಯಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ಮೀಟರಿನೊಳಗಿನ ಸಣ್ಣ ಬ್ಯಾಟರಿ ಇಳಿದಿದ್ದರೆ ಬಹಳ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ವೋಲ್ಟ್ ತೋರಿಸುತ್ತವೆ, ಅದನ್ನು ನಂಬಿ ಆಲ್ಟರ್ನೇಟರ್ ಓವರ್‌ಚಾರ್ಜ್ ಮಾಡುತ್ತಿದೆ ಅಂತ ಬಿಚ್ಚಿದವರಿದ್ದಾರೆ. ಹಾಗಾಗಿ ಮೊದಲು ಮೀಟರಿಗೆ ಹೊಸ ಬ್ಯಾಟರಿ ಹಾಕಿ.

ಕೆಲವು ಎಚ್ಚರಿಕೆ, ಇವು ತಮಾಷೆಯಲ್ಲ. ಉಂಗುರ, ಚೈನು, ಲೋಹದ ವಾಚ್ ಬಿಚ್ಚಿಡಿ. ಏನನ್ನಾದರೂ ಬಿಚ್ಚುವುದಿದ್ದರೆ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ, ಹಾಕುವಾಗ ಅದನ್ನು ಕೊನೆಗೆ ಹಾಕಿ. ಇನ್ನೊಂದು, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಗಾಡಿ ಆಫ್ ಆಗುತ್ತಾ ನೋಡೋಣ" ಅನ್ನುವ ಹಳೆಯ ಪರೀಕ್ಷೆಯನ್ನು ಯಾರು ಹೇಳಿದರೂ ಮಾಡಬೇಡಿ. ಆ ಕ್ಷಣ ಆಲ್ಟರ್ನೇಟರ್ ಹರಿಸುತ್ತಿದ್ದ ಕರೆಂಟಿಗೆ ಹೋಗಲು ಜಾಗ ಸಿಗದೆ ವೋಲ್ಟೇಜ್ ಒಮ್ಮೆಲೇ ಹಲವು ಹತ್ತು ವೋಲ್ಟಿಗೆ ಏರುತ್ತದೆ. ರೆಗ್ಯುಲೇಟರ್ (ಆಲ್ಟರ್ನೇಟರಿನ ವೋಲ್ಟನ್ನು ಹದದಲ್ಲಿಡುವ ಭಾಗ), ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಮ್ಯೂಸಿಕ್ ಸಿಸ್ಟಂ, ಯಾವುದಕ್ಕೆ ಬೇಕಾದರೂ ಪೆಟ್ಟು ಬೀಳಬಹುದು. ಕಾರ್ಬ್ಯುರೇಟರ್ ಕಾಲದಲ್ಲಿ ನಡೆಯುತ್ತಿತ್ತು, ಈಗ ಆಗುವುದಿಲ್ಲ.

ಬ್ಯಾಟರಿ, ಹೊಸದಾದರೂ ಸರಿ

ಎಂಜಿನ್ ಕೆಲವು ಗಂಟೆ ನಿಂತ ಮೇಲೆ, ಹೆಡ್‌ಲೈಟ್ ಎರಡು ನಿಮಿಷ ಹಾಕಿ ಆರಿಸಿ, ಸ್ವಲ್ಪ ಬಿಟ್ಟು ವೋಲ್ಟ್ ನೋಡಿ. 12.6 ಅಥವಾ ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಪೂರ್ತಿ ಚಾರ್ಜ್. 12.4 ಅಂದರೆ ಹೆಚ್ಚುಕಡಿಮೆ ಮುಕ್ಕಾಲು, 12.2 ಅಂದರೆ ಅರ್ಧ, 12.0ಕ್ಕೆ ಇಳಿದರೆ ಕಾಲು ಭಾಗ. ಆಮೇಲೆ ಸೆಲ್ಫ್ ಹೊಡೆಯುವಾಗ ಯಾರಿಗಾದರೂ ಮೀಟರ್ ನೋಡಲು ಹೇಳಿ, 9.6ಕ್ಕಿಂತ ಕೆಳಗೆ ಬೀಳಬಾರದು. ಒಳಗೆ ಆರು ಸೆಲ್, ಒಂದೊಂದು ಸುಮಾರು 2.1 ವೋಲ್ಟ್. ರಾತ್ರಿಯೆಲ್ಲ ಚಾರ್ಜ್ ಮಾಡಿದರೂ ಬೆಳಗ್ಗೆ 10.5ರ ಹತ್ತಿರವೇ ನಿಂತಿದೆ ಅಂದರೆ ಒಂದು ಸೆಲ್ ಹೋಗಿದೆ, ಹೊಸ ಬ್ಯಾಟರಿಯಾದರೂ ವಾಪಸ್ ಕೊಡಿ.

ಮುಂದಿನ ಪರೀಕ್ಷೆ ಮಾಡುವ ಮುಂಚೆ ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ. ಇದನ್ನು ಬಿಟ್ಟರೆ ಉಳಿದ ರೀಡಿಂಗ್ ಎಲ್ಲ ದಾರಿ ತಪ್ಪಿಸುತ್ತವೆ. ಇಳಿದ ಬ್ಯಾಟರಿ ಸಿಕ್ಕಷ್ಟೂ ಕರೆಂಟ್ ಎಳೆದುಕೊಳ್ಳುತ್ತದೆ, ಆಗ ಒಳ್ಳೆಯ ಆಲ್ಟರ್ನೇಟರ್ ಕೂಡ 13.2ರಲ್ಲಿ ಒದ್ದಾಡುವ ಹಾಗೆ ಕಾಣುತ್ತದೆ. ಅಷ್ಟೇ ಅಲ್ಲ, ಪೂರ್ತಿ ಇಳಿದ ಬ್ಯಾಟರಿಯನ್ನು ಜಂಪ್ ಮಾಡಿ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ನಿಲ್ಲಿಸಿ, ಆಲ್ಟರ್ನೇಟರಿನಿಂದಲೇ ತುಂಬಿಸಲು ಹೋದರೆ ಅದು ವಿಪರೀತ ಬಿಸಿಯಾಗುತ್ತದೆ. ಅದರ ಫ್ಯಾನ್ ತಿರುಗುವುದು ನಿಧಾನ, ಕೊಡಬೇಕಾದ ಕರೆಂಟ್ ಜಾಸ್ತಿ. ಹೊಸ ಆಲ್ಟರ್ನೇಟರಿನ ಡಯೋಡ್ (ಒಳಗೆ ಹುಟ್ಟುವ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಬೇಗ ಹೋಗಲು ಇದೊಂದು ದೊಡ್ಡ ಕಾರಣ.

ಈಗ ಎಂಜಿನ್ ಸ್ಟಾರ್ಟ್ ಮಾಡಿ

ಮೀಟರ್ ಮುಳ್ಳನ್ನು, ಅಂದರೆ ಅದರ ವೈರಿನ ಚೂಪು ತುದಿಯನ್ನು, ಕ್ಲಾಂಪ್ ಮೇಲೆ ಇಡಬೇಡಿ, ಬ್ಯಾಟರಿಯ ಸೀಸದ ಕಂಬದ ಮೇಲೇ ಒತ್ತಿ ಹಿಡಿಯಿರಿ. ಮಾಮೂಲಿ 12 ವೋಲ್ಟ್ ಗಾಡಿಯಲ್ಲಿ 13.8ರಿಂದ 14.7ರ ಒಳಗೆ ಬರಬೇಕು. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ 2000 ಆರ್‌ಪಿಎಂ ಹತ್ತಿರ ಹಿಡಿದರೂ 13.5ಕ್ಕಿಂತ ಕೆಳಗೆ ಇಳಿಯಬಾರದು.

ಎಂಜಿನ್ ನಿಂತಾಗ ಎಷ್ಟಿತ್ತೋ ಅಷ್ಟೇ ಇದ್ದು, ನಿಧಾನವಾಗಿ ಇಳಿಯುತ್ತಾ ಹೋದರೆ ಚಾರ್ಜ್ ಇಲ್ಲವೇ ಇಲ್ಲ. 12.8, 13.1 ಹೀಗೆ ಅರೆಬರೆ ಬರುತ್ತಿದ್ದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ, ಅಥವಾ ಬೆಲ್ಟ್ ಜಾರುತ್ತಿದೆ, ಅಥವಾ ಡಯೋಡ್ ಹೋಗಿದೆ. 15 ದಾಟಿದರೆ ಓವರ್‌ಚಾರ್ಜ್. ಈ ಮೂರಕ್ಕೂ ದಾರಿ ಬೇರೆ ಬೇರೆ.

ಚಾರ್ಜೇ ಇಲ್ಲ ಅಂದಾಗ

ಎಂಜಿನ್ ಆಫ್ ಮಾಡಿ. ಮೀಟರಿನ ಕಪ್ಪು ಮುಳ್ಳು ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಮುಳ್ಳು ಆಲ್ಟರ್ನೇಟರಿನ ಬೆನ್ನಿನಲ್ಲಿರುವ ಬಿ ಪ್ಲಸ್ ಬೋಲ್ಟಿಗೆ, ಅಂದರೆ ದಪ್ಪ ಕೇಬಲ್ ಕೂರುವ ನಟ್‌ಗೆ. ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ ಅಲ್ಲಿಯೂ ತೋರಿಸಬೇಕು. ಸೊನ್ನೆ ಬಂತಾ? ಆಲ್ಟರ್ನೇಟರಿಂದ ಬ್ಯಾಟರಿಗೆ ಹೋಗುವ ದೊಡ್ಡ ಫ್ಯೂಸ್ ಅಥವಾ ಫ್ಯೂಸ್ ಲಿಂಕ್ ಸುಟ್ಟಿದೆ. ಪಾರ್ಟ್ ಬದಲಾಯಿಸಿದ ಮೇಲೆ ಇದು ಸುಡುವುದು ಅಪರೂಪವಲ್ಲ. ಬ್ಯಾಟರಿ ನೆಗೆಟಿವ್ ತೆಗೆಯದೇ ಬಿ ಪ್ಲಸ್ ನಟ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಎಂಜಿನ್‌ಗೆ ತಾಗುತ್ತದೆ, ಚಟಾರ್ ಅಂತ ಒಂದು ಕಿಡಿ, ಫ್ಯೂಸ್ ಹೋಯಿತು. ಜಂಪ್ ಕೇಬಲ್ ಉಲ್ಟಾ ಹಾಕಿದರೂ ಇದೇ ಆಗುತ್ತದೆ. ಈ ಫ್ಯೂಸ್ ಸಾಮಾನ್ಯ ಫ್ಯೂಸ್‌ಗಳ ಸಾಲಿನಲ್ಲಿ ಇರುವುದಿಲ್ಲ, ಬ್ಯಾಟರಿ ಪಕ್ಕದ ಡಬ್ಬಿಯಲ್ಲಿ ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಇಲ್ಲವೇ ಪಾಸಿಟಿವ್ ಕ್ಲಾಂಪಿನ ಮೇಲೆಯೇ ಇರುತ್ತದೆ. ಸುಮ್ನೆ ನೋಡಿದರೆ ಗೊತ್ತಾಗದು, ಎರಡೂ ಬದಿಯಲ್ಲಿ ವೋಲ್ಟ್ ಅಳೆಯಿರಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನೇ ಹಾಕಿ. ತಂತಿ ಸುತ್ತಿ ಕೆಲಸ ಮುಗಿಸಿದರೆ ಮುಂದೆ ಸುಡುವುದು ಕೇಬಲ್.

ಫ್ಯೂಸ್ ಸರಿ ಇದ್ದರೆ ಡ್ಯಾಶ್‌ಬೋರ್ಡ್ ನೋಡಿ. ಕೀ ಆನ್, ಎಂಜಿನ್ ಆಫ್. ಬ್ಯಾಟರಿ ಲೈಟ್ ಹತ್ತಬೇಕು. ಬಹಳ ಜನ ಈ ಲೈಟನ್ನು ಬರೀ ಎಚ್ಚರಿಕೆ ಅಂದುಕೊಂಡಿದ್ದಾರೆ, ಆದರೆ ಬಲ್ಬ್ ಇರುವ ಹಳೆಯ ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿನ ರೋಟರಿಗೆ (ಒಳಗೆ ತಿರುಗುವ ಸುರುಳಿ) ಮೊದಲ ಕರೆಂಟ್ ಹೋಗುವುದು. ಅದು ಹೋದರೆ ರೋಟರ್ ಮ್ಯಾಗ್ನೆಟ್ ಆಗುತ್ತದೆ, ಮ್ಯಾಗ್ನೆಟ್ ತಿರುಗಿದರೆ ಸುತ್ತಲಿನ ತಿರುಗದ ಸುರುಳಿ, ಅಂದರೆ ಸ್ಟೇಟರಿನಲ್ಲಿ ಕರೆಂಟ್ ಹುಟ್ಟುತ್ತದೆ. ಬಲ್ಬ್ ಸುಟ್ಟಿದ್ದರೆ ಅಥವಾ ಆಲ್ಟರ್ನೇಟರಿನ ಎಲ್ ಟರ್ಮಿನಲ್ಲಿಗೆ (ಈ ಲೈಟಿನ ವೈರ್ ಕೂರುವ ಪಿನ್) ಹೋಗುವ ಸಣ್ಣ ವೈರ್ ತುಂಡಾಗಿದ್ದರೆ ಹೊಸ ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತದೆ ಅಷ್ಟೇ. ಕೆಲವೊಮ್ಮೆ ಜೋರಾಗಿ ರೇಸ್ ಮಾಡಿದರೆ ಮಾತ್ರ ಚಾರ್ಜ್ ಶುರುವಾಗುತ್ತದೆ, ಆಮೇಲೆ ಆಫ್ ಮಾಡುವವರೆಗೂ ಸರಿಯಿರುತ್ತದೆ. ಈ ಲಕ್ಷಣ ಕಂಡರೆ ನೇರ ಈ ವೈರಿಗೆ ಹೋಗಿ.

ಕೀ ಆನ್ ಮಾಡಿದಾಗ ಲೈಟ್ ಹತ್ತದಿದ್ದರೆ ಆಲ್ಟರ್ನೇಟರಿನ ಸಣ್ಣ ಪ್ಲಗ್ ಬಿಚ್ಚಿ, ಎಲ್ ವೈರನ್ನು ಒಂದು ಸಣ್ಣ 12 ವೋಲ್ಟ್ ಟೆಸ್ಟ್ ಬಲ್ಬ್ ಮೂಲಕ ಅರ್ತ್ ಮಾಡಿ ನೋಡಿ. ಎರಡೂ ಬಲ್ಬ್ ಸರಣಿಯಲ್ಲಿ ಬರುವುದರಿಂದ ಬೆಳಕು ಮಂಕಾಗಿರುತ್ತದೆ. ಎರಡರಲ್ಲಿ ಒಂದು ಮಿಣುಕಿದರೂ ವೈರಿಂಗ್ ಸರಿ, ಆಲ್ಟರ್ನೇಟರಿನ ಒಳಗೆ ನೋಡಬೇಕು. ಯಾವುದೂ ಹತ್ತದಿದ್ದರೆ ಆಲ್ಟರ್ನೇಟರಿಗೆ ಸಂಬಂಧವೇ ಇಲ್ಲ, ಬಲ್ಬ್, ಫ್ಯೂಸ್ ಅಥವಾ ವೈರ್ ಹುಡುಕಿ. ಕಂಪ್ಯೂಟರ್ ನಿಯಂತ್ರಿಸುವ ಹೊಸ ಗಾಡಿಗಳಲ್ಲಿ ಈ ಪರೀಕ್ಷೆ ಮಾಡಬೇಡಿ.

ಪ್ಲಗ್ ಬಿಚ್ಚಿದಾಗ ಒಳಗಿನ ಪಿನ್‌ಗಳನ್ನು ಬೆಳಕು ಹಿಡಿದು ನೋಡಿ. ಹಳೆಯ ಪ್ಲಗ್ಗನ್ನು ಎಳೆದು ತೆಗೆದಾಗ ಒಂದು ಪಿನ್ ಹಿಂದಕ್ಕೆ ಜಾರಿರುತ್ತದೆ. ಹೊರಗಿನಿಂದ ನೋಡಿದರೆ ಪ್ಲಗ್ ಟಕ್ ಅಂತ ಕೂತಿದೆ, ಒಳಗೆ ಪಿನ್ ತಾಗಿಯೇ ಇಲ್ಲ. ಇನ್ನೊಂದು ವಿಷಯ, ಬ್ರಾಕೆಟ್ ಕೂತ ಮಾತ್ರಕ್ಕೆ ಆಲ್ಟರ್ನೇಟರ್ ಸರಿಯಾದದ್ದು ಅಂತಲ್ಲ. ಹೊರಗೆ ಒಂದೇ ರೂಪ, ಪ್ಲಗ್ ಕೂಡ ಕೂರುತ್ತದೆ, ಆದರೆ ಒಳಗಿನ ರೆಗ್ಯುಲೇಟರ್ ಬೇರೆ ಇರಬಹುದು, ಪಿನ್‌ಗಳ ಕ್ರಮ ಬೇರೆ ಇರಬಹುದು, ಪುಲ್ಲಿ ದೊಡ್ಡದಿದ್ದು ಐಡಲ್‌ನಲ್ಲಿ ಸಾಕಷ್ಟು ವೇಗವಾಗಿ ತಿರುಗದೇ ಇರಬಹುದು. ಹಳೆಯದನ್ನು ಪಕ್ಕದಲ್ಲಿಟ್ಟು ನಂಬರ್, ಪಿನ್, ಪುಲ್ಲಿ ಮೂರನ್ನೂ ಹೋಲಿಸಿ.

ಅರೆಬರೆ ಚಾರ್ಜ್: ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ?

ಇಡೀ ಬರಹದಲ್ಲಿ ಒಂದೇ ಪರೀಕ್ಷೆ ಕಲಿಯುವುದಾದರೆ ಇದನ್ನು ಕಲಿಯಿರಿ ಅನ್ನುತ್ತೇನೆ. ವೈರ್ ಚೆನ್ನಾಗಿದೆಯಾ ಅಂತ ನೋಡಲು ಎಲ್ಲರೂ ಮಾಡುವುದು ಮೀಟರನ್ನು ಓಮ್ಸ್‌ಗೆ ಅಥವಾ ಬೀಪ್‌ಗೆ ತಿರುಗಿಸಿ ಎರಡು ತುದಿ ಮುಟ್ಟಿಸುವುದು. ಬೀಪ್ ಬಂತು, ವೈರ್ ಸರಿ. ಇಲ್ಲ, ಸರಿ ಅಲ್ಲ. ಒಳಗಿನ ಎಳೆಗಳೆಲ್ಲ ತುಕ್ಕು ಹಿಡಿದು ನಾಲ್ಕೇ ನಾಲ್ಕು ಎಳೆ ಉಳಿದ ಕೇಬಲ್ ಕೂಡ ಬೀಪ್ ಅನ್ನುತ್ತದೆ, ಯಾಕೆಂದರೆ ಮೀಟರ್ ಕಳಿಸುವುದು ಅತಿ ಸಣ್ಣ ಕರೆಂಟ್. ಆಲ್ಟರ್ನೇಟರ್ ಕಳಿಸುವುದು 60 ಆಂಪಿಯರ್. ಕೇಬಲ್ಲಿನ ಕೀಲಿನಲ್ಲಿ 0.01 ಓಮ್, ಅಂದರೆ ಸಾಮಾನ್ಯ ಮೀಟರಿಗೆ ಕಾಣಿಸದಷ್ಟು ತಡೆ ಇದ್ದರೂ 60 ಆಂಪಿಯರಿಗೆ ಅಲ್ಲಿ 0.6 ವೋಲ್ಟ್ ಕಳೆದುಹೋಗುತ್ತದೆ. ಆ ಒಂದು ನಟ್ ಜಾಗದಲ್ಲಿ 36 ವಾಟ್ ಬಿಸಿ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗುವುದು ಸುಮ್ನೆ ಅಲ್ಲ.

ಹಾಗಾಗಿ ಕರೆಂಟ್ ಹರಿಯುವಾಗಲೇ ಅಳೆಯಬೇಕು. ಎಂಜಿನ್ 2000 ಆರ್‌ಪಿಎಂ, ಲೈಟು ಬ್ಲೋವರ್ ಎಲ್ಲ ಆನ್, ಮೀಟರ್ ಡಿಸಿ ವೋಲ್ಟ್‌ನಲ್ಲಿ. ಕೆಂಪು ಮುಳ್ಳು ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿನ ಮೇಲೆ, ಕಪ್ಪು ಮುಳ್ಳು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ. ಹೌದು, ಎರಡೂ ಪಾಸಿಟಿವ್ ಕಡೆಯೇ. 0.2, ಹೆಚ್ಚೆಂದರೆ 0.3 ಬರಬಹುದು. ಆಮೇಲೆ ಅರ್ತ್ ಕಡೆ: ಒಂದು ಮುಳ್ಳು ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಆಲ್ಟರ್ನೇಟರಿನ ಅಲ್ಯೂಮಿನಿಯಂ ಮೈಗೆ, ಬಣ್ಣ ಇಲ್ಲದ ಜಾಗದಲ್ಲಿ. ಇಲ್ಲಿ 0.2 ದಾಟಬಾರದು. ಬೆಲ್ಟ್, ಫ್ಯಾನ್ ಹತ್ತಿರ ಕೈ, ತೋಳು, ಮೀಟರ್ ವೈರ್ ಹೋಗದ ಹಾಗೆ ನೋಡಿಕೊಳ್ಳಿ.

ಒಂದು ಕಾರಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಬ್ಯಾಟರಿ, ಆಲ್ಟರ್ನೇಟರ್ ಎರಡೂ ಹೊಸದು. ಬ್ಯಾಟರಿಯಲ್ಲಿ ಅಳೆದರೆ 13.1, ಆಲ್ಟರ್ನೇಟರಿನ ಮೇಲೇ ಅಳೆದರೆ 14.3. ಅಂದರೆ ಮಾಲು ತಯಾರಾಗುತ್ತಿದೆ, ತಲುಪುತ್ತಿಲ್ಲ. ಪಾಸಿಟಿವ್ ಕಡೆ 0.1, ಏನೂ ತೊಂದರೆಯಿಲ್ಲ. ಅರ್ತ್ ಕಡೆ ಮುಳ್ಳಿಟ್ಟರೆ 1.1. ಬ್ಯಾಟರಿ ನೆಗೆಟಿವ್ ಬಾಡಿಗೆ ಹೋಗಿತ್ತು, ಬಾಡಿಯಿಂದ ಗೇರ್‌ಬಾಕ್ಸಿಗೆ ಒಂದು ಹೆಣೆದ ಅರ್ತ್ ಪಟ್ಟಿ ಇತ್ತು. ಮುಳ್ಳನ್ನು ಹಂತ ಹಂತವಾಗಿ ಸರಿಸುತ್ತಾ ಹೋದಾಗ ಬಾಡಿಯವರೆಗೆ 0.05, ಪಟ್ಟಿಯ ಲಗ್‌ನಲ್ಲೂ ಅಷ್ಟೇ, ಗೇರ್‌ಬಾಕ್ಸಿನ ಮೈಗೆ ಇಟ್ಟ ಕೂಡಲೇ 1ರ ಮೇಲೆ ಹಾರಿತು. ಬೋಲ್ಟ್ ಟೈಟಾಗಿಯೇ ಇತ್ತು. ಆದರೆ ಲಗ್ಗಿನ ಕೆಳಗೆ ಬಿಳಿ ಹಸಿರು ಪುಡಿ ಕೂತಿತ್ತು. ಆ ಕರೆಂಟೆಲ್ಲ ಗೇರ್ ಕೇಬಲ್ಲಿನ ಲೋಹದ ಹೊದಿಕೆಯ ಮೂಲಕ ದಾರಿ ಮಾಡಿಕೊಂಡು ಹೋಗುತ್ತಿತ್ತು, ಕೇಬಲ್ ಕೈ ಇಡಲು ಆಗದಷ್ಟು ಬಿಸಿ. ಲಗ್ ಬಿಚ್ಚಿ ಎರಡೂ ಮುಖವನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ ಹಾಕಿದ ಮೇಲೆ ಬ್ಯಾಟರಿಯಲ್ಲಿ 14.2 ಬಂತು.

ಜಾಸ್ತಿ ವೋಲ್ಟ್ ಕಳೆಯುವ ಕಡೆ ನೀವೂ ಹೀಗೇ ಮುಳ್ಳು ಸರಿಸುತ್ತಾ ಹೋಗಿ: ಕಂಬದಿಂದ ಕ್ಲಾಂಪ್, ಕ್ಲಾಂಪಿನಿಂದ ಕೇಬಲ್, ಕೇಬಲ್ಲಿನಿಂದ ಲಗ್, ಲಗ್ಗಿನಿಂದ ಬೋಲ್ಟ್. ಸಂಖ್ಯೆ ಎಲ್ಲಿ ಹಾರುತ್ತದೋ ದೋಷ ಅಲ್ಲೇ. ರೀಕಂಡೀಷನ್ ಮಾಡಿದ ಆಲ್ಟರ್ನೇಟರಾದರೆ ಬ್ರಾಕೆಟ್ ಕೂರುವ ಕಿವಿಗಳಿಗೂ ಬಣ್ಣ ಹೊಡೆದಿರುತ್ತಾರೆ. ಅರ್ತ್ ಬರುವುದು ಅದೇ ಕಿವಿಗಳಿಂದ, ಅಲ್ವಾ? ಬಣ್ಣ ಕೆರೆದು ಹಾಕಿ.

ಎರಡೂ ಕಡೆ ಇಳಿಕೆ ಕಡಿಮೆ ಇದ್ದು, ಆಲ್ಟರ್ನೇಟರಿನ ಮೇಲೇ ವೋಲ್ಟ್ ಕಡಿಮೆ ಅಂದರೆ ಬೆಲ್ಟ್ ನೋಡಿ. ಬೆಲ್ಟಿನ ಒಳಮೈ ಗಾಜಿನ ಹಾಗೆ ಮಿನುಗುತ್ತಿದ್ದರೆ ಅದು ಜಾರುತ್ತಿದೆ. ಪ್ರತಿ ಸಲವೂ ಕೀಚಲು ಸದ್ದು ಮಾಡುತ್ತದೆ ಅಂತಿಲ್ಲ. ಹಲ್ಲಿನ ಗೆರೆಗಳ ಸಂಖ್ಯೆ, ಉದ್ದ ಹೊಂದುತ್ತವೆಯಾ ನೋಡಿ. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿ ಇರುವ ಆಲ್ಟರ್ನೇಟರ್‌ಗಳಿವೆ. ಆ ಪುಲ್ಲಿ ಸವೆದಿದ್ದರೆ ಹೊರಗಿನ ಸುತ್ತು ತಿರುಗುತ್ತದೆ, ಒಳಗಿನ ರೋಟರ್ ಅದರ ಜೊತೆ ತಿರುಗುವುದಿಲ್ಲ.

ಬೆಲ್ಟೂ ಸರಿಯಿದ್ದರೆ ಡಯೋಡ್. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸಿನ ಎಸಿ, ಅದನ್ನು ಡಿಸಿ ಮಾಡುವುದು ಸಾಮಾನ್ಯವಾಗಿ ಆರು ಡಯೋಡ್. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಮೇಲೆ ಇಟ್ಟರೆ ಸೊನ್ನೆ ಬರಬೇಕು. ಕೆಲವು ಅಗ್ಗದ ಮೀಟರ್‌ಗಳು ಆಗಲೇ ದೊಡ್ಡ ಸಂಖ್ಯೆ ತೋರಿಸುತ್ತವೆ, ಅಂಥ ಮೀಟರ್ ಈ ಪರೀಕ್ಷೆಗೆ ಆಗದು. ಸೊನ್ನೆ ಬಂದರೆ ಎಂಜಿನ್ ಸ್ಟಾರ್ಟ್ ಮಾಡಿ, ಲೋಡ್ ಹಾಕಿ ನೋಡಿ. 0.1ರ ಆಸುಪಾಸು ಇದ್ದರೆ ಒಳ್ಳೆಯದು, 0.5 ದಾಟಿದರೆ ಡಯೋಡ್ ಹೋಗಿದೆ.

15 ವೋಲ್ಟ್ ದಾಟಿದರೆ

ಗಾಡಿ ಓಡಿಸಬೇಡಿ. ಬ್ಯಾಟರಿ ಕುದಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಲ್ಬ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ. ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಜಾಸ್ತಿ, ಆದರೆ ಅದಕ್ಕೂ ಮುಂಚೆ ಎಸ್ ಅನ್ನುವ ವೈರ್ ಇದೆಯಾ ನೋಡಿ. ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ರೆಗ್ಯುಲೇಟರಿಗೆ ತಿಳಿಸುವುದು ಈ ವೈರ್. ಇದರ ಫ್ಯೂಸ್ ಹೋದರೆ ಕೆಲವು ರೆಗ್ಯುಲೇಟರ್‌ಗಳು ಬ್ಯಾಟರಿ ಖಾಲಿ ಅಂದುಕೊಂಡು ವೋಲ್ಟ್ ಏರಿಸುತ್ತಾ ಹೋಗುತ್ತವೆ. ಕೀ ಆನ್ ಮಾಡಿ ಎಸ್ ಪಿನ್ನಿನಲ್ಲಿ ಅಳೆಯಿರಿ, ಬ್ಯಾಟರಿಯ ವೋಲ್ಟೇ ಬರಬೇಕು.

ಹೊಸ ತಲೆಮಾರಿನ ಗಾಡಿಗಳು

ಇವುಗಳಲ್ಲಿ ಚಾರ್ಜಿಂಗನ್ನು ಇಸಿಯು ನಿಯಂತ್ರಿಸುತ್ತದೆ. ವೇಗ ಹೆಚ್ಚಿಸುವಾಗ ವೋಲ್ಟೇಜ್ 12.6ಕ್ಕೆ ಇಳಿಯಬಹುದು, ಆಕ್ಸಿಲರೇಟರ್ ಬಿಟ್ಟಾಗ 14.8ಕ್ಕೆ ಏರಬಹುದು. ಅದು ದೋಷವಲ್ಲ, ಇಂಧನ ಉಳಿಸಲು ಹಾಗೆ ಮಾಡಿದ್ದಾರೆ. ಒಂದೇ ರೀಡಿಂಗ್ ನೋಡಿ ತೀರ್ಮಾನಿಸಬೇಡಿ, ಹೆಡ್‌ಲೈಟ್ ಹಾಕಿ ಹತ್ತು ನಿಮಿಷ ಗಮನಿಸಿ, ಸ್ಕ್ಯಾನರ್ ಇದ್ದರೆ ಇಸಿಯು ಎಷ್ಟು ಕೇಳುತ್ತಿದೆ, ಎಷ್ಟು ಬರುತ್ತಿದೆ ಎರಡನ್ನೂ ನೋಡಿ. ಬ್ಯಾಟರಿ ನೆಗೆಟಿವ್ ಕ್ಲಾಂಪಿನಲ್ಲಿ ಸಣ್ಣ ಪ್ಲಗ್ ಇರುವ ಸೆನ್ಸರ್ ಕೂತಿರುತ್ತದೆ, ಬ್ಯಾಟರಿ ಬದಲಾಯಿಸುವಾಗ ಅದರ ಪ್ಲಗ್ ಹಾಕಲು ಮರೆಯುವುದುಂಟು. ಹೊರಗಿನ ಚಾರ್ಜರಿನ ನೆಗೆಟಿವ್ ಅಥವಾ ಆಮೇಲೆ ಹಾಕಿಸಿದ ಯಾವುದೇ ಸಾಮಾನಿನ ಅರ್ತ್ ನೇರ ಕಂಬಕ್ಕೆ ಬೇಡ, ಬಾಡಿಗೆ ಕೊಡಿ. ಇಲ್ಲದಿದ್ದರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಎಜಿಎಂ ಅಥವಾ ಇಎಫ್‌ಬಿ ಅನ್ನುವ ಹೆಚ್ಚು ತಾಳಿಕೆಯ ಬ್ಯಾಟರಿ ಇದ್ದ ಜಾಗಕ್ಕೆ ಮಾಮೂಲಿ ಬ್ಯಾಟರಿ ಹಾಕಿದ್ದರೆ ಅದು ಬೇಗ ಸಾಯುತ್ತದೆ. ಹೊಸ ಬ್ಯಾಟರಿ ಬಂದಿದೆ ಅಂತ ಸ್ಕ್ಯಾನರ್ ಮೂಲಕ ತಿಳಿಸಬೇಕಾದ ಗಾಡಿಗಳೂ ಇವೆ.

ಚಾರ್ಜ್ ಸರಿ, ಆದರೂ ಬೆಳಗ್ಗೆ ಬ್ಯಾಟರಿ ಖಾಲಿ

ಆಗ ಯಾವುದೋ ಒಂದು ರಾತ್ರಿಯಿಡೀ ಕರೆಂಟ್ ಕುಡಿಯುತ್ತಿದೆ. ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಜೋಡಿಸಿ. ಬಾಗಿಲು ಮುಚ್ಚಿ, ಕೀ ದೂರ ಇಟ್ಟು, ಅರ್ಧ ಗಂಟೆಯಾದರೂ ಕಾಯಿರಿ, ಗಾಡಿಯೊಳಗಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಮೀಟರ್ ಹೀಗಿದ್ದಾಗ ಸೆಲ್ಫ್ ಹೊಡೆಯಬೇಡಿ, ಅದರ ಫ್ಯೂಸ್ ಹೋಗುತ್ತದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಸಾಮಾನ್ಯ. 1 ಆಂಪಿಯರ್ ಇದ್ದರೆ ಒಂದು ದಿನಕ್ಕೆ 24 ಆಂಪಿಯರ್ ಅವರ್ ಹೋಯಿತು, 45ರ ಬ್ಯಾಟರಿ ಎರಡು ದಿನ ತಡೆಯುವುದಿಲ್ಲ. ಫ್ಯೂಸ್ ಒಂದೊಂದೇ ತೆಗೆದು ನೋಡುವ ಮುಂಚೆ ಬ್ಯಾಟರಿಯನ್ನು ಪೂರ್ತಿ ಬೇರ್ಪಡಿಸಿ, ಬಿ ಪ್ಲಸ್ ಕೇಬಲ್ ತೆಗೆದು ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಕರೆಂಟ್ ಇಳಿಯಿತು ಅಂದರೆ ಆಲ್ಟರ್ನೇಟರಿನ ಡಯೋಡ್ ಶಾರ್ಟ್ ಆಗಿದೆ. ಚಾರ್ಜಿಂಗ್ ಹೆಚ್ಚುಕಡಿಮೆ ಸರಿಯಾಗಿ ಕಾಣಿಸುವ ಆಲ್ಟರ್ನೇಟರಿನಲ್ಲೂ ಇದು ಇರಬಹುದು.

ಹೊಸ ಆಲ್ಟರ್ನೇಟರೇ ಕೆಟ್ಟಿದೆ ಅಂತ ಯಾವಾಗ ಹೇಳಬಹುದು? ಬ್ಯಾಟರಿ ಪೂರ್ತಿ ತುಂಬಿದೆ, ಬೆಲ್ಟ್ ಜಾರುತ್ತಿಲ್ಲ, ಸಣ್ಣ ಪ್ಲಗ್ಗಿಗೆ ಬರಬೇಕಾದ ವೋಲ್ಟ್ ಬರುತ್ತಿದೆ, ಅರ್ತ್ ಇಳಿಕೆ 0.2ರ ಒಳಗಿದೆ, ಆದರೂ 2000 ಆರ್‌ಪಿಎಂನಲ್ಲಿ ಬಿ ಪ್ಲಸ್ ಬೋಲ್ಟಿನ ಮೇಲೇ 13 ದಾಟುತ್ತಿಲ್ಲ, ಅಥವಾ ಎಸಿ ಅಳತೆ 0.5 ಮೀರಿದೆ. ಇಷ್ಟಾದರೆ ಅನುಮಾನ ಬೇಡ. ಈ ರೀಡಿಂಗ್‌ಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪಾರ್ಟ್ ಜೊತೆ ತೆಗೆದುಕೊಂಡು ಹೋಗಿ, "ಚಾರ್ಜ್ ಆಗುತ್ತಿಲ್ಲ" ಅನ್ನುವ ಮಾತಿಗಿಂತ ಆ ಚೀಟಿಗೆ ವಾರಂಟಿಯಲ್ಲಿ ಬೆಲೆ ಜಾಸ್ತಿ. ಬದಲಿ ಪಾರ್ಟ್ ಹಾಕಿದ ದಿನವೇ ಬ್ಯಾಟರಿ ಕಂಬ, ಬಿ ಪ್ಲಸ್, ಅರ್ತ್ ಮೂರೂ ಕಡೆ ಮತ್ತೊಮ್ಮೆ ಅಳೆದು ಅದೇ ಚೀಟಿಯಲ್ಲಿ ಬರೆದಿಡಿ.